ಹೆಂಡತಿಯ ಕೀಬೋರ್ಡಿಗೆ ನಾನು ಪ್ರೋಗ್ರಾಮ್ ಬರೆದದ್ದು

ನಮ್ಮ ಅಂಗಡಿಯ ಕಂಪ್ಯೂಟರ್ ಪರದೆಯ ಮೇಲೆ ಬೇರೊಬ್ಬ ಗಂಡಸು ಮೌಸಿನ ಬಾಣ ಓಡಿಸುವುದನ್ನು ನೋಡಿದ ದಿನವೇ ನಾನು ಈ ಕೆಲಸಕ್ಕೆ ಕೈ ಹಾಕಿದೆ. ಅವನು ಇದ್ದದ್ದು ಲಿಂಗಸುಗೂರಿನಲ್ಲಿ, ನಾವು ಸಿಂಧನೂರಿನಲ್ಲಿ. ಇಂಟರ್ನೆಟ್ಟಿನ ಮೂಲಕ ಅಲ್ಲಿಂದಲೇ ನಮ್ಮ ಕಂಪ್ಯೂಟರ್ ನಡೆಸುತ್ತಿದ್ದ. ನನ್ನ ಹೆಂಡತಿ ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟು, ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಬಾಣ ತಾನೇ ಅತ್ತಿತ್ತ ಹೋಗಿ ಒಂದು ಕಿಟಕಿ ತೆರೆಯುತ್ತಿತ್ತು, ಇನ್ನೊಂದನ್ನು ಮುಚ್ಚುತ್ತಿತ್ತು.

"ಲೇ, ಜರಾ ಸಾವಕಾಶ ಹೋಗಲೇ. ಎಲ್ಲಿ ಒತ್ತಿದಿ ಅಂತ ನನಗ ಕಾಣಲಿಲ್ಲ," ಎಂದು ಅವಳು ನಕ್ಕಳು.

"ನಿನಗ್ಯಾಕ ಕಾಣಬೇಕು? ಸುಮ್ನ ಕುಂದ್ರು," ಎಂದು ಫೋನಿನೊಳಗಿನಿಂದ ಅವನೂ ನಕ್ಕ.

ಮದುವೆಯಾಗಿ ಇಷ್ಟು ವರ್ಷವಾದರೂ ಅವಳು ನನ್ನನ್ನು ಕರೆಯುವುದು 'ರೀ' ಎಂದೇ. ಅದು ನಮ್ಮ ಕಡೆಯ ರೂಢಿ, ಗೌರವ. ಆ ದಿನ ಮಾತ್ರ ಆ ಗೌರವ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದ ಹಾಗೆ ಅನ್ನಿಸಿತು. 'ಲೇ' ಎನ್ನಿಸಿಕೊಂಡವನು ಒಳಗೆ ಕೂತು ಚಹಾ ಕುಡಿಯುತ್ತಿದ್ದಾನೆ.

ತಾಲೂಕು ಕಚೇರಿಯ ಹತ್ತಿರ ನಮ್ಮದೊಂದು ಚಿಕ್ಕ ಟೈಪಿಂಗ್ ಅಂಗಡಿ ಇದೆ. ಪ್ರಿಂಟರ್, ಝೆರಾಕ್ಸ್, ಕಂಪ್ಯೂಟರ್ ರಿಪೇರಿ ನನ್ನ ಪಾಲಿಗೆ, ಟೈಪಿಂಗ್ ಅವಳ ಪಾಲಿಗೆ. ಖರೀದಿ ಪತ್ರ, ಅಫಿಡವಿಟ್, ದಾವಾ ಅರ್ಜಿ ಏನೇ ಇರಲಿ, ವಕೀಲರು ಹೇಳುತ್ತಾ ಹೋದರೆ ಅವಳು ಹೊಡೆಯುತ್ತಾ ಹೋಗುತ್ತಿದ್ದಳು. ಮಾತು ಮುಗಿದಾಗ ಕಾಗದವೂ ಮುಗಿದಿರುತ್ತಿತ್ತು. ಹಿಂದಿನ ವರ್ಷ ಪಾಮನಕಲ್ಲೂರಿನ ತವರಿಗೆ ಹೋಗಿ ಬರುವಾಗ ಮಸ್ಕಿಯ ಹತ್ತಿರ ಸ್ಕೂಟಿ ಜಾರಿ ಬಿದ್ದು ಅವಳ ಬಲಗೈ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ತೆಗೆದ ಮೇಲೆ ಮೂಳೆ ಕೂಡಿತ್ತು, ಆದರೆ ಉಂಗುರ ಬೆರಳು ಮತ್ತು ಕಿರುಬೆರಳು ಮೊದಲಿನಂತೆ ಚಾಚುತ್ತಿರಲಿಲ್ಲ. ವ್ಯಾಯಾಮ ಮಾಡುತ್ತಾ ಇರಿ, ನಿಧಾನಕ್ಕೆ ಬರಬಹುದು ಎಂದರು ಡಾಕ್ಟರು. ಆ 'ಬಹುದು' ಎಂಬ ಮಾತನ್ನು ಹಿಡಿದುಕೊಂಡು ಮಳೆಗಾಲ ಕಳೆದೆವು.

ನಾವು ಬಳಸುವ ಕನ್ನಡ ಕೀಲಿ ಜೋಡಣೆಯಲ್ಲಿ ಪ, ಲ, ಒ ಈ ಮೂರೂ ಅಕ್ಷರ ಆ ಎರಡು ಬೆರಳಿನ ಪಾಲು. ಬರೆದದ್ದನ್ನು ಅಳಿಸುವ ಬ್ಯಾಕ್‌ಸ್ಪೇಸ್ ಕೂಡ ಅಲ್ಲೇ. ಒಂದು ಪ ಬಂದರೆ ಅವಳು ಇಡೀ ಕೈಯೆತ್ತಿ ತೋರುಬೆರಳಿನಿಂದ ಕುಟ್ಟಬೇಕಾಗುತ್ತಿತ್ತು. ವಕೀಲರು ಮಾತು ನಿಲ್ಲಿಸಿ ಕಾಯುತ್ತಿದ್ದರು. ಕಾಯುವುದಕ್ಕಿಂತ ಎದುರಿನ ಅಂಗಡಿಗೆ ಹೋಗುವುದು ಸುಲಭ ಎಂದು ಅವರ ಗುಮಾಸ್ತರಿಗೆ ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಒಂದು ಸಂಜೆ ಅವಳು ಶಟರ್ ಎಳೆಯುವಾಗ ಹೇಳಿದಳು, "ಆ ಕುರ್ಚಿಗೆ ಬ್ಯಾರೆ ಯಾರನ್ನರ ನೋಡ್ರಿ. ನಾ ಝೆರಾಕ್ಸ್ ನೋಡ್ಕೊತೀನಿ." ಅಳಲಿಲ್ಲ. ಅತ್ತಿದ್ದರೆ ನಾನು ಏನಾದರೂ ಹೇಳಬಹುದಿತ್ತು.

ಆಗ ನಡುವೆ ಬಂದವನು ಈ ಲಿಂಗಸುಗೂರಿನವನು, ಲ್ಯಾಬ್ ಮಾಸ್ತರ. ಡಿಪ್ಲೊಮಾ ಕಾಲೇಜೊಂದರಲ್ಲಿ ಕೆಲಸ. ಮದುವೆಗೆ ಮುಂಚೆ ಇವಳು ಟೈಪಿಂಗ್ ಕ್ಲಾಸಿಗೆ ಹೋಗುತ್ತಿದ್ದಾಗ ಪಕ್ಕದ ಮಷಿನ್ನಿನಲ್ಲಿ ಕೂರುತ್ತಿದ್ದವನು. ಯಾರದೋ ಮದುವೆಯಲ್ಲಿ ಸಿಕ್ಕಾಗ ಇವಳ ಕೈ ನೋಡಿ ಕೇಳಿದ್ದನಂತೆ. ಸ್ವಲ್ಪ ದಿನಕ್ಕೆ ಒಂದು ಪಾರ್ಸೆಲ್ ಬಂತು. ಬಿಚ್ಚಿದರೆ ಎರಡು ತುಂಡಿನ ಪುಟ್ಟ ಕೀಬೋರ್ಡು, ಎಡಗೈಗೊಂದು, ಬಲಗೈಗೊಂದು, ನಡುವೆ ಒಂದು ವೈರು. ಗುಂಡಿಗಳ ಮೇಲೆ ಅಕ್ಷರವೇ ಇಲ್ಲ. ಅವನೇ ಕೂತು ಬೆಸುಗೆ ಹಾಕಿದ್ದ. ಯಾವ ಗುಂಡಿ ಒತ್ತಿದರೆ ಯಾವ ಅಕ್ಷರ ಬರಬೇಕು ಎಂಬುದನ್ನು ಹೇಳುವ ಚಿಕ್ಕ ಪ್ರೋಗ್ರಾಮ್ ಕೀಬೋರ್ಡಿನ ಚಿಪ್ಪಿನೊಳಗೇ ಇರುತ್ತದೆ. ಅದಕ್ಕೆ ಫರ್ಮ್‌ವೇರ್ ಎನ್ನುತ್ತಾರೆ. ಅದನ್ನು ನಮಗೆ ಬೇಕಾದಂತೆ ಬರೆದು ತುಂಬಿದರೆ ಪ ಎಡಗೈಗೂ ಬರುತ್ತದೆ, ಹೆಬ್ಬೆರಳಿಗೂ ಬರುತ್ತದೆ. ಇದನ್ನೆಲ್ಲ ಅವನು ಅವಳಿಗೆ ಫೋನಿನಲ್ಲಿ ವಿವರಿಸುವುದನ್ನು ನಾನು ಕಾರ್ಟ್ರಿಜ್ ತುಂಬುತ್ತಾ ಕೇಳಿದೆ. ಕೀಬೋರ್ಡು ಬಿಚ್ಚಿ ಕೂಡಿಸುವುದು ನನ್ನ ಹೊಟ್ಟೆಪಾಡು. ಆದರೂ ಇಂಥದೊಂದು ದಾರಿ ಇದೆ ಎಂದು ನನಗೆ ಹೊಳೆದಿರಲಿಲ್ಲ. ಹೊಳೆದದ್ದು ಅವನಿಗೆ.

ಆ ದಿನ ಅವನ ಬಾಣ ಪರದೆ ಬಿಟ್ಟು ಹೋದ ಮೇಲೆ ನಾನು ಹೇಳಿದೆ, "ಉಳಿದದ್ದು ನಾ ಮಾಡ್ತೀನಿ."

"ನಿಮಗ ಪ್ರಿಂಟರ್ ಕೆಲಸನ ಹರಿವಲ್ದು. ಅಂವ ಮಾಡಿಕೊಡ್ತೀನಿ ಅಂದಾನ್ರಿ."

"ನಮ್ಮ ಅಂಗಡಿ ಕೀಬೋರ್ಡಿಗೆ ಲಿಂಗಸುಗೂರಿಂದ ಮಂದಿ ಯಾಕ ಬೇಕು?"

ಅವಳು ನನ್ನ ಮುಖ ನೋಡಿದಳು. "ಮಾಡ್ರಿ ಹಂಗಾದ್ರ," ಎಂದಳು.

ಮಾಸ್ತರ ತೋರಿಸಿದ್ದು ವೆಬ್ ಪುಟದ ದಾರಿ. ಚಿತ್ರದ ಮೇಲೆ ಗುಂಡಿ ಎಳೆದು ಇಟ್ಟರೆ ಫೈಲು ಸಿದ್ಧವಾಗಿ ಬರುತ್ತದೆ. ಅದರಲ್ಲಿ ಗುಂಡಿಯನ್ನು ಎಷ್ಟು ಹೊತ್ತು ಒತ್ತಿದರೆ ಏನಾಗಬೇಕು ಎಂಬಂಥ ಸೂಕ್ಷ್ಮಗಳಿಗೆ ಜಾಗವಿರಲಿಲ್ಲ. ಅವನಿಗಿಂತ ಒಂದು ಮೆಟ್ಟಿಲು ಮೇಲೆ ನಿಲ್ಲಬೇಕೆಂಬ ಹಟ ನನಗೆ. ಮೂಲ ಕೋಡನ್ನೇ ಇಳಿಸಿಕೊಂಡು, ಕೋಡು ಬರೆಯುವ ಎಡಿಟರಿನಲ್ಲಿ ತೆರೆದು ಕೈಯಾರೆ ಬರೆದು, ಚಿಪ್ಪಿಗೆ ತುಂಬುವ ಫೈಲನ್ನು ನಾನೇ ಕಟ್ಟುತ್ತೇನೆ ಎಂದುಕೊಂಡೆ. ಸಿ ಭಾಷೆಯನ್ನು ಐಟಿಐನಲ್ಲಿ ಸ್ವಲ್ಪ ಕಲಿತಿದ್ದೆ. ಎಡಿಟರನ್ನು ಕೂರಿಸಿದೆ, ಬರೆದದ್ದನ್ನು ಚಿಪ್ಪಿನ ಭಾಷೆಗೆ ತಿರುಗಿಸುವ ಕಂಪೈಲರನ್ನು ಕೂರಿಸಿದೆ. ಮೂಲ ಕೋಡು ಇಳಿಯುವಾಗ ಎರಡು ಸಲ ಕರೆಂಟು ಹೋಗಿ ಅರ್ಧಕ್ಕೆ ನಿಂತಿತು. ಮೂರನೇ ಸಲ ಪೂರ್ತಿ ಬಂತು. ಕಟ್ಟಲು ಹೇಳಿದರೆ ಶುರುವಿನಲ್ಲೇ ನಿಂತುಬಿಟ್ಟಿತು, ಫೈಲು ಸಿಗುತ್ತಿಲ್ಲ ಎಂದು. ಫೈಲು ನನ್ನ ಕಣ್ಣೆದುರಿಗೇ ಇತ್ತು. ಕೊನೆಗೆ ತಿಳಿದದ್ದು, ನಮ್ಮ ಕಂಪ್ಯೂಟರಿಗೆ ಅಂಗಡಿಯ ಹೆಸರನ್ನೇ ಬಳಕೆದಾರನ ಹೆಸರಾಗಿ ಕೊಟ್ಟಿದ್ದೆ, ಎರಡು ಪದ, ನಡುವೆ ಖಾಲಿ ಜಾಗ. ಕಟ್ಟುವ ಸಲಕರಣೆ ಆ ಖಾಲಿ ಜಾಗ ಬಂದೊಡನೆ ವಿಳಾಸ ಮುಗಿಯಿತು ಎಂದುಕೊಳ್ಳುತ್ತಿತ್ತು. ಎಲ್ಲವನ್ನೂ ಡಿ ಡ್ರೈವಿಗೆ, ಒಂದೇ ಪದದ ಫೋಲ್ಡರಿಗೆ ಸಾಗಿಸಿದೆ.

ಮುಂದಿನದು ಇನ್ನೂ ಕೆಟ್ಟದ್ದು. ಕೀಲಿಗಳ ಪಟ್ಟಿ ಇರುವ ಫೈಲನ್ನು ಎಡಿಟರಿನಲ್ಲಿ ತೆರೆದರೆ ಮೊದಲ ಸಾಲಿನಿಂದಲೇ ಕೆಂಪು ಗೆರೆ. ಪ್ರತಿಯೊಂದು ಗುಂಡಿಯ ಹೆಸರಿನ ಕೆಳಗೂ ಅಂಕುಡೊಂಕು ಕೆಂಪು. ನಾನೇ ತಪ್ಪು ಬರೆದಿದ್ದೇನೆ ಎಂದು ತಿದ್ದಿದೆ. ತಿದ್ದಿದಷ್ಟೂ ಕೆಂಪು ಹೆಚ್ಚಿತು. ಮಧ್ಯಾಹ್ನ ಗಿರಾಕಿ ಕಡಿಮೆ ಇರುವ ಹೊತ್ತಿನಲ್ಲಿ ಕೂತು ದಿನಗಟ್ಟಲೆ, ಸರಿಯಿದ್ದ ಸಾಲುಗಳನ್ನೆಲ್ಲ ಕೆಡಿಸಿದೆ. ಹೆಂಡತಿ ಝೆರಾಕ್ಸ್ ಮಷಿನ್ನಿನ ಹತ್ತಿರ ನಿಂತು ನೋಡುತ್ತಿದ್ದಳು.

"ಅವನಿಗೊಂದು ಮಾತು ಕೇಳ್ಲ್ಯಾ?"

"ಬ್ಯಾಡ."

ಸಿಟ್ಟಿನಲ್ಲಿ ಎಲ್ಲವನ್ನೂ ಅಳಿಸಿ, ಮೂಲದಲ್ಲಿ ಬಂದಿದ್ದ ಮಾದರಿ ಫೈಲನ್ನೇ ತೆರೆದೆ. ಅದರ ತುಂಬಾ ಅದೇ ಕೆಂಪು. ತಿಳಿದವರು ಬರೆದ ಫೈಲಿಗೂ ಕೆಂಪು ಬರುತ್ತದೆ ಎಂದರೆ ತಪ್ಪು ಕೋಡಿನದಲ್ಲ, ಎಡಿಟರಿನದು ಎಂದು ಆಗ ತಲೆಗೆ ಹೋಯಿತು. ಅದಕ್ಕೆ ಉಳಿದ ಫೈಲುಗಳು ಎಲ್ಲಿವೆ ಎಂದು ಯಾರೂ ಹೇಳಿರಲಿಲ್ಲ, ಅಷ್ಟೇ. ಕಂಪೈಲರು ಯಾವ ಫೈಲನ್ನು ಎಲ್ಲಿಂದ ಓದುತ್ತದೆ ಎಂಬುದನ್ನು ಬರೆದಿಡುವ ಒಂದು ಆಜ್ಞೆ ಇದೆ. ಅದನ್ನು ಓಡಿಸಿ, ಹುಟ್ಟಿದ ಫೈಲನ್ನು ಎಡಿಟರಿಗೆ ತೋರಿಸಿದೆ. ಎಡಿಟರ್ ಮುಚ್ಚಿ ತೆರೆದಾಗ ಒಂದೂ ಕೆಂಪು ಗೆರೆ ಇರಲಿಲ್ಲ. ಗುಂಡಿಯ ಹೆಸರಿನ ಎರಡಕ್ಷರ ಹೊಡೆದರೆ ಉಳಿದದ್ದನ್ನು ಅದೇ ಸೂಚಿಸುತ್ತಿತ್ತು. ಮೂರು ಕೀಲಿ ಒಟ್ಟಿಗೆ ಒತ್ತಿದರೆ ಫರ್ಮ್‌ವೇರ್ ಕಟ್ಟಿಕೊಳ್ಳುವಂತೆಯೂ ಹೊಂದಿಸಿದೆ. ಈ ಸುಖವನ್ನು ಯಾರಿಗಾದರೂ ಹೇಳಬೇಕಿತ್ತು. ಅರ್ಥವಾಗುವವನು ಒಬ್ಬನೇ, ಅವನಿಗೆ ನಾನು ಹೇಳುವವನಲ್ಲ.

ಕೀಬೋರ್ಡಿನ ಹಿಂದಿನ ಪುಟ್ಟ ಗುಂಡಿಯನ್ನು ಎರಡು ಸಲ ಒತ್ತಿದರೆ ಅದು ಪೆನ್‌ಡ್ರೈವಿನಂತೆ ಕಾಣಿಸಿಕೊಳ್ಳುತ್ತದೆ, ಕಟ್ಟಿದ ಫೈಲನ್ನು ಅದರೊಳಗೆ ಹಾಕಬೇಕು. ಹಾಕಿದೆ. ಎಡಗೈ ಅಕ್ಷರಗಳೆಲ್ಲ ಬಲಗೈಯಲ್ಲಿ ಬಂದವು. ಇಡೀ ದಿನ ಕೋಡು ಹುಡುಕಿದ ಮೇಲೆ ಕಂಡದ್ದು, ಕೇಬಲನ್ನು ನಾನು ಬಲ ತುಂಡಿಗೆ ಚುಚ್ಚಿದ್ದೆ. ಕೇಬಲ್ ಇರುವುದೇ ಎಡ ತುಂಡು ಎಂದು ಫರ್ಮ್‌ವೇರ್ ನಂಬಿಕೊಂಡಿತ್ತು.

ಕೊನೆಗೂ ನನ್ನ ಜೋಡಣೆ ಸಿದ್ಧವಾಯಿತು. ಎಡ ಹೆಬ್ಬೆರಳಿನ ಗುಂಡಿಗೆ ಎರಡು ಕೆಲಸ ಕೊಟ್ಟಿದ್ದೆ. ತಟ್ಟಿ ಬಿಟ್ಟರೆ ಪದಗಳ ನಡುವಿನ ಸ್ಪೇಸ್. ಒತ್ತಿ ಹಿಡಿದರೆ ಎಡಗೈಯ ದ ಗುಂಡಿ ಪ ಆಗುತ್ತದೆ, ಸ ಗುಂಡಿ ಲ ಆಗುತ್ತದೆ, ಮೂಲೆಯ ಗುಂಡಿ ಬ್ಯಾಕ್‌ಸ್ಪೇಸ್ ಆಗುತ್ತದೆ. ಹೆಂಡತಿಯನ್ನು ಕುರ್ಚಿಯಲ್ಲಿ ಕೂರಿಸಿ ಹಳೆಯದೊಂದು ಖರೀದಿ ಪತ್ರ ಓದತೊಡಗಿದೆ. ಸಾಲಿನ ನಡುವೆ 'ಸದರಿ ಜಮೀನಿನ ದಕ್ಷಿಣಕ್ಕೆ' ಎಂದೆ. ಪರದೆಯ ಮೇಲೆ 'ಲದರಿ ಜಮೀನಿನ ಪಕ್ಷಿಣಕ್ಕೆ' ಎಂದು ಬಂತು. ಮತ್ತೆ ಓದಿದೆ, ಮತ್ತೆ ಹಾಗೇ. ಒಂದು ಪುಟ ಹೊಡೆದ ಮೇಲೆ ಅವಳು ಕೀಬೋರ್ಡನ್ನು ನಾಜೂಕಾಗಿ ಪಕ್ಕಕ್ಕೆ ಸರಿಸಿ ಫೋನ್ ಕೈಗೆತ್ತಿಕೊಂಡಳು.

"ಅವಂಗ ಮಾಡಬ್ಯಾಡ," ಎಂದೆ.

"ಯಾಕ್ರಿ?"

"ನಾ ಮಾಡಾಕತ್ತೀನಲ್ಲ."

"ಕೆಲಸ ಆಗಬೇಕೋ, ನಿಮ್ಮ ಹೆಸರಾಗಬೇಕೋ ಅದನ್ನರ ಹೇಳ್ರಿ. ಬೆರಳು ನನ್ನವು ಅದಾವು," ಎಂದಳು. ದನಿ ಏರಲಿಲ್ಲ. ಫೋನನ್ನು ಮೇಜಿನ ಮೇಲಿಟ್ಟು ಝೆರಾಕ್ಸ್ ಕಡೆ ಹೋದಳು. ಆ ಇಡೀ ದಿನ ನಮ್ಮ ನಡುವೆ ಗಿರಾಕಿಗಳ ಮಾತೇ ಮಾತು.

ಮರುದಿನ ಬೆಳಿಗ್ಗೆ, ಬಿಡಿಭಾಗ ತರುತ್ತೇನೆಂದು ಹೇಳಿ ಕೀಬೋರ್ಡು, ಲ್ಯಾಪ್‌ಟಾಪು, ಅವಳು ಹೊಡೆದ ಆ ಪುಟ ಚೀಲಕ್ಕೆ ಹಾಕಿಕೊಂಡು ಲಿಂಗಸುಗೂರಿನ ಬಸ್ಸು ಹತ್ತಿದೆ. ಅವಳು ಅವನಿಗೆ ಫೋನ್ ಮಾಡುವುದಕ್ಕಿಂತ ನಾನೇ ಅವನ ಮುಂದೆ ನಿಲ್ಲುವುದು ಕಡಿಮೆ ಉರಿ ಎಂದು ಲೆಕ್ಕ ಹಾಕಿದ್ದೆ. ಮಸ್ಕಿ ದಾಟುವಾಗ ಇಳಿದು ವಾಪಸ್ ಬಸ್ಸು ಹಿಡಿಯೋಣವೆಂದು ಎದ್ದು ನಿಂತೂ ಇದ್ದೆ. ಕಂಡಕ್ಟರ್ ಯಾಕೆ ಎಂದು ಕೇಳಿದ್ದಕ್ಕೆ ಕೂತೆ.

ಅವನು ನನಗಿಂತ ಚೆನ್ನಾಗಿದ್ದ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ತಲೆ ತುಂಬ ಕೂದಲು, ಇಸ್ತ್ರಿ ಮಾಡಿದ ಅಂಗಿ. ನನ್ನನ್ನು ಕಂಡೊಡನೆ ಎದ್ದು ಬಂದ. "ಬರ್ರಿ ಅಣ್ಣಾರ. ಹೇಳಿ ಕಳಿಸಿದ್ರ ನಾನ ಬರ್ತಿದ್ದೆನಲ್ರಿ," ಎಂದು ಲ್ಯಾಬಿನ ಕುರ್ಚಿ ಎಳೆದುಕೊಟ್ಟ. ನಾನು ಲ್ಯಾಪ್‌ಟಾಪು ತೆರೆದೆ. ಅವನು ಎಡಿಟರನ್ನು ಮೇಲಿಂದ ಕೆಳಗೆ ನೋಡಿದ.

"ಇದನ್ನ ನೀವು ಒಬ್ಬರ ಹೊಂದಿಸೀರಿ? ನಾ ಎರಡು ಸಲ ಮಾಡಾಕ ಹೋಗಿ ಬಿಟ್ಟೀನ್ರಿ. ಅದಕ್ಕ ವೆಬ್ ಪುಟ ಹಿಡದೆ."

ಹೊಗಳಿಕೆ ನನ್ನ ಉರಿಯನ್ನು ತಣಿಸಬೇಕಿತ್ತು. ಇಷ್ಟು ಸಲೀಸಾಗಿ ಹೊಗಳುವುದಕ್ಕೂ ಬರುತ್ತದಲ್ಲ ಇವನಿಗೆ ಎಂದು ಇನ್ನೊಂದಿಷ್ಟು ಹೆಚ್ಚಿತು.

ಪುಟವನ್ನು ಕೊಟ್ಟೆ. ಅವನು ಪೆನ್ನು ಹಿಡಿದು ತಪ್ಪಾದ ಅಕ್ಷರಗಳಿಗೆ ಸುತ್ತು ಹಾಕುತ್ತಾ ಬಂದ, ಅರ್ಧ ಪುಟಕ್ಕೇ ನಿಲ್ಲಿಸಿದ. "ನೋಡ್ರಿ, ಸ್ಪೇಸ್ ಆದ ಮ್ಯಾಲಿನ ಮೊದಲನೇ ಅಕ್ಷರ ಅಷ್ಟ ಕೆಡಾಕತ್ತೈತಿ. ಆಕಿ..." ಎಂದವನು ತಡೆದು, "ಅವರು ಸ್ಪೇಸ್ ಒತ್ತಿದ ಮ್ಯಾಲ ಹೆಬ್ಬೆರಳು ಲಗೂನ ಎತ್ತಂಗಿಲ್ರಿ. ಕ್ಲಾಸಿನ್ಯಾಗೂ ಹಂಗ. ಸರ್ ಎಷ್ಟು ಸಲ ಬೈದಿದ್ರು. ಬೆರಳು ಏಳೂದ್ರಾಗ ಮುಂದಿನ ಅಕ್ಷರ ಬಿದ್ದಿರತೈತಿ. ಒತ್ತಿ ಹಿಡದಾರ ಅಂತ ಚಿಪ್ ತಿಳ್ಕೊಳ್ತೈತಿ," ಎಂದ.

ಖರೆಯೇ ಇತ್ತು. ಒಂದೇ ಗುಂಡಿಗೆ ಎರಡು ಕೆಲಸ ಕೊಟ್ಟರೆ, ತಟ್ಟಿದ್ದೋ ಹಿಡಿದದ್ದೋ ಎಂದು ಚಿಪ್ಪು ನಿರ್ಧರಿಸುವುದು ಸೆಕೆಂಡಿನ ಒಂದು ಚೂರಿನಲ್ಲಿ. ಆದರೆ ನನ್ನ ಕಿವಿಯಲ್ಲಿ ಉಳಿದದ್ದು ಆ ತಾಂತ್ರಿಕ ಮಾತಲ್ಲ. ಅಷ್ಟು ವರ್ಷ ಅವಳ ಪಕ್ಕದ ಕುರ್ಚಿಯಲ್ಲಿ ಕೂತವನು ನಾನು. ಅವಳ ಹೆಬ್ಬೆರಳು ತಡವಾಗಿ ಏಳುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಒಂದಿಷ್ಟು ತಿಂಗಳು ಟೈಪಿಂಗ್ ಕ್ಲಾಸಿನಲ್ಲಿ ಕೂತವನಿಗೆ ಇನ್ನೂ ನೆನಪಿತ್ತು. ಆ ವಯಸ್ಸಿನಲ್ಲಿ ಒಬ್ಬ ಹುಡುಗ ಒಬ್ಬ ಹುಡುಗಿಯ ಹೆಬ್ಬೆರಳನ್ನು ಸುಮ್ಮನೆ ನೋಡುತ್ತಾನೆಯೇ ಎಂದು ಕೇಳಬೇಕೆನ್ನಿಸಿತು. ಅಷ್ಟರಲ್ಲಿ ಅವನು ನೀರು ಕೊಟ್ಟ, ಕುಡಿದೆ.

"ಸ್ಪೇಸಿಗೆ ಬಲಗೈ ಹೆಬ್ಬೆರಳು ಅವರದು. ಸ್ಪೇಸ್ ಒಂದ ಬಲಕ್ಕ ಇಡ್ರಿ, ಹಿಡಿಯೂ ಗುಂಡಿ ಎಡಕ್ಕ. ಎರಡು ಕೆಲಸ ಒಂದಕ್ಕ ಬ್ಯಾಡ," ಎಂದ. ಅಲ್ಲೇ ಬದಲಿಸಿ ಕಟ್ಟಿದೆ. ಬಸ್ ಸ್ಟ್ಯಾಂಡಿನವರೆಗೆ ತನ್ನ ಗಾಡಿಯಲ್ಲಿ ಬಿಟ್ಟ. ಅದನ್ನೂ ಬೇಡ ಎನ್ನಲಾಗಲಿಲ್ಲ.

ಎಲ್ಲಿಗೆ ಹೋಗಿದ್ದೆ ಎಂದು ಹೆಂಡತಿಗೆ ಬಂದೊಡನೆ ಹೇಳಿದೆ. ಅವಳು ಆಶ್ಚರ್ಯ ತೋರಿಸಲಿಲ್ಲ. "ಊಟ ಮಾಡೀರೇನು?" ಎಂದಷ್ಟೇ ಕೇಳಿದಳು. ಕೀಬೋರ್ಡು ಹಚ್ಚಿದೆವು. 'ಲದರಿ' ಹಾಗೇ ಇತ್ತು, ಅದರ ಮೇಲೆ ಹೊಸ ಕಾಟ ಶುರುವಾಯಿತು. ಪದಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಬಂದವು, ನಡುವೆ ಸ್ಪೇಸೇ ಇಲ್ಲ. ಅವಳು ಪ್ರತಿ ಪದಕ್ಕೂ ನಿಂತು, ಬೆರಳು ಹುಡುಕಿ, ಮುಂದೆ ಹೋಗುತ್ತಿದ್ದಳು. "ರೂಢಿ ಆದ್ರ ಬರಬಹುದ್ರಿ," ಎಂದಳು. ಆ 'ಬಹುದು' ನನಗೆ ಹಿಡಿಸಲಿಲ್ಲ.

"ಇದನ್ನ ಬಿಡು. ಹಳೇ ಕೀಬೋರ್ಡಿನ್ಯಾಗ ಒಂದು ಪುಟ ಹೊಡಿ," ಎಂದೆ.

"ಯಾಕ?"

"ನಾ ನೋಡ್ತೀನಿ."

ಸ್ಟೂಲು ಎಳೆದುಕೊಂಡು ಅವಳ ಮಗ್ಗುಲಿಗೆ ಕೂತೆ. ಪರದೆ ನೋಡಲಿಲ್ಲ, ಕೈ ನೋಡಿದೆ. ಮೊದಮೊದಲು ಅವಳಿಗೆ ಮುಜುಗರವಾಗಿ ತಪ್ಪು ಹೊಡೆದಳು, ಆಮೇಲೆ ಮರೆತಳು. ಬಲಗೈಯ ಎರಡು ಬೆರಳು ಒಳಮುಖವಾಗಿ ಬಾಗಿ ಗುಂಡಿಗಳ ಮೇಲೆ ತೂಗುತ್ತಿದ್ದವು. ಬಲ ಹೆಬ್ಬೆರಳು ನೆಟ್ಟಗೆ ಹೊರಕ್ಕೆ ಚಾಚಿಕೊಂಡು ಗಾಳಿಯಲ್ಲಿತ್ತು, ಪ್ಲಾಸ್ಟರಿನಲ್ಲಿ ಹೇಗಿತ್ತೋ ಹಾಗೇ. ಅದು ಸ್ಪೇಸ್ ಬಾರನ್ನು ಒಮ್ಮೆಯೂ ಮುಟ್ಟಲಿಲ್ಲ. ಪ್ರತಿ ಪದದ ಕೊನೆಗೆ ಇಳಿಯುತ್ತಿದ್ದದ್ದು ಎಡ ಹೆಬ್ಬೆರಳು. ಇಳಿದು, ತಡವಾಗಿ ಏಳುತ್ತಿತ್ತು.

"ಸ್ಪೇಸ್ ಯಾವ ಕೈಲಿಂದ ಒತ್ತತಿ?"

ಅವಳು ಕೈ ನಿಲ್ಲಿಸಿ ನೋಡಿಕೊಂಡಳು. "ಬಲಗೈ," ಎಂದಳು. ಆಮೇಲೆ ಒಂದು ಪದ ಹೊಡೆದು ನೋಡಿದಳು. "ಅಯ್ಯ, ಎಡಗೈ ಆಗೇತಿ. ಯಾವಾಗ ಆತೋ ಏನೋ."

ಬಿದ್ದ ಮೇಲೆ ಬದಲಾದದ್ದು. ಅವಳಿಗೇ ಗೊತ್ತಿರಲಿಲ್ಲ. ಮಾಸ್ತರ ಹೇಳಿದ್ದು ಹಳೆಯ ಹುಡುಗಿಯ ಕೈ. ನನ್ನೆದುರಿಗೆ ಇದ್ದದ್ದು ಈ ಕೈ.

"ಬಲ ಹೆಬ್ಬೆರಳು ಮಡಚಾಕ ನೋಯ್ತೈತೇನು?"

"ಇಲ್ರಿ. ಅದಕ್ಕೇನೂ ಆಗಿಲ್ಲ. ಸುಮ್ನ ನಿಂತಿರತೈತಿ."

"ಅದಕ್ಕೊಂದು ಕೆಲಸ ಕೊಡ್ಲ್ಯಾ?"

ಅವಳು ಆ ಹೆಬ್ಬೆರಳನ್ನು ಎರಡು ಮೂರು ಸಲ ಮಡಚಿ ಬಿಚ್ಚಿದಳು. "ಕೊಡ್ರಿ. ಮತ್ತ ಪ ಇಲ್ಲಿ ಬ್ಯಾಡ, ಮ್ಯಾಲಿನ ಸಾಲಿಗೆ ಇಡ್ರಿ. ಬ್ಯಾಕ್‌ಸ್ಪೇಸ್ ಮೂಲ್ಯಾಗ ಬ್ಯಾಡ, ನನಗ ದೂರ ಆಕ್ಕೈತಿ," ಎಂದಳು. ಅಷ್ಟು ವಾರಗಳ ಕೆಲಸದಲ್ಲಿ ಯಾವ ಅಕ್ಷರ ಎಲ್ಲಿ ಬೇಕೆಂದು ನಾನು ಅವಳನ್ನು ಕೇಳಿದ್ದು ಅದೇ ಮೊದಲು. ಅವಳು ಹೇಳುತ್ತಾ ಹೋದಳು, ನಾನು ಎಡಿಟರಿನಲ್ಲಿ ಬದಲಿಸುತ್ತಾ ಹೋದೆ. ಸ್ಪೇಸ್ ಎಡಕ್ಕೆ, ಅದಕ್ಕೆ ಅದೊಂದೇ ಕೆಲಸ. ಹಿಡಿಯುವ ಗುಂಡಿ ಬಲ ಹೆಬ್ಬೆರಳಿಗೆ. ಕಟ್ಟಿ, ಎರಡೂ ತುಂಡುಗಳಿಗೆ ತುಂಬಿ, ಕೇಬಲನ್ನು ಎಡಕ್ಕೆ ಚುಚ್ಚಿದೆ.

ಮೊದಲ ದಿನ ತಡವರಿಸಿದಳು. ವಾರದ ಹೊತ್ತಿಗೆ ಅವಳ ಕಣ್ಣು ಕೈಯ ಮೇಲಿಂದ ಪರದೆಗೆ ಹೋಯಿತು. ಒಂದು ಮುಂಜಾನೆ ಮುಕ್ಕುಂದದ ಗದ್ದೆಯೊಂದರ ಖರೀದಿ ಪತ್ರ ಹಿಡಿದು ಹಳೆಯ ವಕೀಲರು ಬಂದರು, ಎದುರಿನ ಅಂಗಡಿಯಲ್ಲಿ ಸಾಲಿತ್ತಂತೆ. ನಿಂತುಕೊಂಡೇ ಗದ್ದೆಯ ನಾಲ್ಕು ದಿಕ್ಕಿನ ಗಡಿ, ಚಕ್ಕುಬಂದಿ ಹೇಳತೊಡಗಿದರು. ಪೂರ್ವಕ್ಕೆ ಕಾಲುವೆ, ಪಶ್ಚಿಮಕ್ಕೆ ಪಾಲುದಾರರ ಹೊಲ. ನಾನು ಪ್ರಿಂಟರಿಗೆ ಕಾಗದ ತುಂಬುತ್ತಾ ಕಿವಿಗೊಟ್ಟೆ. ಪ, ಲ ಇಲ್ಲದ ಪದವೇ ಇಲ್ಲ ಅದರಲ್ಲಿ. ಅವರು ಒಮ್ಮೆಯೂ ಮಾತು ನಿಲ್ಲಿಸಬೇಕಾಗಲಿಲ್ಲ. ಮೊದಲಿನಷ್ಟು ವೇಗವಿರಲಿಲ್ಲ, ಆದರೆ ಕಾಯಿಸಲಿಲ್ಲ. ಪ್ರಿಂಟು ಓದಿ ನೋಡಿ, "ನಾಳೆ ಇನ್ನೊಂದು ಐತಿ, ದೌಡ ಬರ್ತೀನಿ," ಎಂದು ಹೋದರು.

ಅವಳು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕೈಗಳನ್ನು ಉಜ್ಜಿಕೊಂಡಳು. "ಅವಂಗ ಹೇಳ್ಲ್ಯಾ?"

"ಹೇಳು," ಎಂದೆ.

ಫೋನು ಸ್ಪೀಕರಿಗೆ ಹಾಕಿ ಎಲ್ಲವನ್ನೂ ಹೇಳಿದಳು, ವಕೀಲರದು, ಚಕ್ಕುಬಂದಿಯದು. ಅವನು ಖುಷಿಯಾಗಿ ನಕ್ಕ. ನನಗೆ ಕೊಡು ಎಂದ. ಕೊಟ್ಟಳು.

"ಛಲೋ ಆತು ಅಣ್ಣಾರ. ಸ್ಪೇಸ್ ಬಲಕ್ಕ ಇಟ್ಟಿದ್ದು ರೂಢಿ ಆತಲ್ರಿ?"

"ಇಲ್ಲ. ಎಡಕ್ಕ ಇಟ್ಟೀನಿ."

"ಎಡಕ್ಕ? ಅವರು ಬಲಗೈಲಿಂದ ಅಲ್ಲೇನ್ರಿ ಒತ್ತೂದು?"

"ಈಗ ಅಲ್ಲ. ಬಿದ್ದ ಮ್ಯಾಲ ಎಡಗೈಯಾಗೇತಿ."

"ಹೌದ್ರಿ?" ಎಂದ. "ನನಗ ಗೊತ್ತಿರಲಿಲ್ಲ."

ಕೆಂಪು ಗೆರೆಗಳು ಮಾಯವಾದಾಗಲೂ, ವಕೀಲರ ಕಾಗದ ತಪ್ಪಿಲ್ಲದೆ ಹೊರಬಂದಾಗಲೂ ಆಗದಷ್ಟು ಸಂತೋಷ ಆ ಒಂದು ಮಾತಿನಿಂದ ನನಗಾಯಿತು. ಮುಖದ ಮೇಲೂ ಬಂದಿರಬೇಕು. ಹೆಂಡತಿ ನನ್ನನ್ನೇ ನೋಡುತ್ತಿದ್ದವಳು ಕೈ ಚಾಚಿ ಫೋನು ತೆಗೆದುಕೊಂಡು, ಇಡುತ್ತೇನೆ ಎಂದು ಅವನಿಗೆ ಹೇಳಿದಳು. ಬಾಗಿಲಲ್ಲಿ ಒಬ್ಬ ಗಿರಾಕಿ ಅರ್ಜಿ ಹಿಡಿದು ನಿಂತಿದ್ದ.

"ಸಾಕು ಬರ್ರಿ ಇಲ್ಲಿ. ಅದನ್ನ ಓದ್ರಿ, ನಾ ಹೊಡೀತೀನಿ," ಎಂದು ಕುರ್ಚಿ ಮುಂದಕ್ಕೆ ಎಳೆದುಕೊಂಡಳು.